ಮುಂದಿನ ಗಾಲಿಯ ಸಪ್ಪಳ

ಉತ್ತರಿ ಮಳೆ ಹಿಡಿದ ನಾಲ್ಕನೆಯ ದಿನ, ಕಳಸಾಪುರದ ಮನೆಗಳಲ್ಲಿ ರೊಟ್ಟಿ ಬಡಿಯುವುದು ಇನ್ನೂ ಮುಗಿಯದ ಬೆಳಗಿನ ಹೊತ್ತಿನಲ್ಲಿ, ಕಳಕಪ್ಪನ ಲಾರಿಯ ಮುಂದಿನ ಗಾಲಿಯೊಳಗಿಂದ ಮೊದಲ ಸಲ ಆ ಸಪ್ಪಳ ಬಂತು. ಬಲಕ್ಕೆ ಹೊರಳಿದರೆ ಕಟ್ ಕಟ್ ಕಟ್. ನೆಟ್ಟಗೆ ಹೋದರೆ ಬರೀ ಗುರ್ರೆಂಬ ಗೊಣಗಾಟ.

ಅದು ಮಿಲ್ಟ್ರಿಯವರು ಹರಾಜು ಹಾಕಿದ್ದ ಹಳೇ ಗಾಡಿ, ನಾಲ್ಕೂ ಗಾಲಿ ಎಳೆಯುವಂಥದ್ದು. ಮಳೆಗಾಲದ ಎರೆಹೊಲದಲ್ಲಿ ಟ್ರ್ಯಾಕ್ಟರ್ ಹೊಟ್ಟೆಮಟ ಹೂತುಕೊಂಡಾಗ ಊರವರು ಬಂದು ನಿಲ್ಲುತ್ತಿದ್ದುದು ಕಳಕಪ್ಪನ ಕಟ್ಟೆಯ ಮುಂದೆಯೇ. ಹದಿನೆಂಟು ವರ್ಷದಿಂದ ಅದನ್ನು ಓಡಿಸುತ್ತಿದ್ದವನು ಶಿರಹಟ್ಟಿ ಕಡೆಯ ಮೌನೇಶ. ಮುಂದಿನ ಗಾಲಿ ಎಳೆಯುವ ಗೇರನ್ನು ಎಲ್ಲಿ ಹಾಕಬೇಕು, ಎಲ್ಲಿ ತೆಗೆಯಬೇಕು ಎಂಬುದು ಅವನ ಅಂಗೈಗೇ ಗೊತ್ತಿತ್ತು. ಎಪ್ಪತ್ತು ದಾಟಿದ ಕಳಕಪ್ಪನಿಗೆ ಗಾಡಿಯ ಮೇಲೆ ಎಷ್ಟು ಜೀವವೋ ಮೌನೇಶನ ಮೇಲೂ ಅಷ್ಟೇ ಜೀವ. ಆದರೆ ಅದನ್ನು ಬಾಯಿಬಿಟ್ಟು ಹೇಳಿದ ಮನುಷ್ಯನಲ್ಲ.

ಆವತ್ತು ಬಾಯಿ ಬಿಟ್ಟದ್ದು ಬೈಯಲಿಕ್ಕೆ. ಉಳ್ಳಾಗಡ್ಡಿ ಹೊಲದ ಬದುವಿನ ಮೇಲೆ ಹತ್ತು ಜನ ನಿಂತಿದ್ದರು.

"ಡಾಂಬರ ರಸ್ತೆದಾಗೂ ಮುಂದಿನ ಗೇರ ಹಾಕ್ಕೊಂಡ ಹೊಡದಿಯೇನಲೇ? ಹಂಗ ಹೊಡದ್ರ ಅಚ್ಚ ಹಾಳಾಗತೈತಿ ಅನ್ನೂದ ನಿನಗ ಹೇಳಿಕೊಡಬೇಕೇನ?"

"ಇಲ್ರಿ ಕಾಕಾ, ನಾ ಹಾಕಿಲ್ಲ."

"ಮತ್ತ ಸಪ್ಪಳ ತಾನ ಹುಟ್ಟೇತೇನ?"

ಬದುವಿನ ಮೇಲಿದ್ದ ಕೂಲಿಯ ತಿಪ್ಪವ್ವ, "ನಿದ್ದಿಗಣ್ಣಾಗ ಗೇರ ಮರತಿರಬೇಕ ಬಿಡೋ ಯಪ್ಪಾ" ಎಂದಳು. ಎಲ್ಲರೂ ನಕ್ಕರು. ಮೌನೇಶ ನಗಲಿಲ್ಲ.

"ಉಸ್ಮಾನಸಾಬರ ಕಡೆ ಬಿಚ್ಚಿಸಿ ನೋಡೂಣ್ರಿ. ತಪ್ಪ ನಂದಿದ್ರ ಕೀಲಿ ಇಟ್ಟ ಹೋಗ್ತೀನಿ. ನಂದಲ್ಲಂದ್ರ, ಇದ ಮಂದಿ ಮುಂದ ನೀವ ಹೇಳಬೇಕ್ರಿ."

"ಹೇಳ್ತೀನಿ. ಯಾಕ ಹೇಳಂಗಿಲ್ಲ?" ಎಂದ ಕಳಕಪ್ಪ.

ಗಾಡಿಯನ್ನು ಬೆಟಗೇರಿಗೆ ಒಯ್ದರು. ಉಸ್ಮಾನಸಾಬ ಅಲ್ಲಿ ಮೂವತ್ತು ವರ್ಷದಿಂದ ಮೇಸ್ತ್ರಿ. ಮೊದಲು ಮೌನೇಶನ ಪಕ್ಕ ಕೂತು, ತಲೆ ಹೊರಗೆ ಹಾಕಿ, ಒಂದು ಸುತ್ತು ಹೋಗಿಬಂದ. ಮುಂದಿನ ಗೇರು ತೆಗೆಸಿ ಇನ್ನೊಂದು ಸುತ್ತು ಹೋದ. ಸಪ್ಪಳ ಹಾಗೇ ಇತ್ತು. ಆಮೇಲೆ ಜಾಕ್ ಕೊಟ್ಟು ಗಾಲಿ ಎತ್ತಿಸಿದ, ಅಚ್ಚಿಗೆ ಹಾರೆಯ ಒಂದು ತುದಿ ಊರಿ ಇನ್ನೊಂದಕ್ಕೆ ಕಿವಿ ಹಚ್ಚಿದ. ಮೌನೇಶ ಮೆಲ್ಲಗೆ ಗಾಲಿ ತಿರುಗಿಸಿದ.

"ಡಾಕ್ಟರ ಆಗಬೇಕಿತ್ರಿ ನೀವು ಸಾಬರ" ಎಂದ ಕಳಕಪ್ಪ.

"ಡಾಕ್ಟರ ಮುಂದ ರೋಗಿ ಬಾಯಿಬಿಟ್ಟ ಹೇಳ್ತಾನ. ಇದ ನಿನ್ನಂಗ ಐತಿ ಕಳಕಪ್ಪ. ಗೊಣಗತೈತಿ, ಹೇಳಂಗಿಲ್ಲ."

ಗಾಲಿ ಬಿಚ್ಚಿ ಒಳಗಿನ ಅಚ್ಚು ಹೊರಗೆಳೆದಾಗ ಉಸ್ಮಾನಸಾಬ ಅದರ ಹಲ್ಲುಗಳನ್ನು ಉಗುರಿನಿಂದ ಸವರಿದ.

"ಹಲ್ಲ ಒಂದೂ ಸವದಿಲ್ಲ. ಗೇರಿಂದ ಆಗಿದ್ದಲ್ಲ ಇದು."

ಕಳಕಪ್ಪ ಹಗುರಾದ. ಮೌನೇಶನ ಕಡೆ ನೋಡಬೇಕೆನ್ನುವಷ್ಟರಲ್ಲಿ ಉಸ್ಮಾನಸಾಬ ಒಳಗೆ ಬೆರಳು ಹಾಕಿ ಹೊರಗೆ ತೆಗೆದ. ಕರ್ರಗಿರಬೇಕಾದ ಗ್ರೀಸು ಬೆಳ್ಳಗೆ, ಮಜ್ಜಿಗೆಯ ಹಾಗಿತ್ತು. ಬೇರಿಂಗ್ ಕೆಂಪಗೆ ತುಕ್ಕು ತಿಂದಿತ್ತು.

"ನೀರು. ಇವತ್ತ ನಿನ್ನೆದಲ್ಲ, ವರ್ಷಗಟ್ಟಲೆ ಹೊಕ್ಕೈತಿ. ಓಡಿ ಕಾದ ಅಚ್ಚ ತಣ್ಣಗಾಗೂ ಮುಂದ ಉಸರ ಒಳಗ ಎಳಕೊಂತೈತಿ. ನೀರಾಗಿದ್ರ ನೀರ ಎಳಕೊಂತೈತಿ. ಯಾವನಪಾ ಇದನ್ನ ಬಿಸಿ ಇದ್ದಾಗ ನೀರಿಗೆ ಇಳಸಾಂವ?"

ಕಳಕಪ್ಪನ ಕಿವಿ ಬಿಸಿಯಾದವು.

ಪ್ರತಿ ಅಮವಾಸ್ಯೆಗೆ, ದೀಪ ಹಚ್ಚುವುದರೊಳಗೆ ಪೂಜೆ ಆಗಬೇಕೆಂದು, ಕಡೆಯ ಲೋಡು ಇಳಿಸಿದ ಗಾಡಿಯನ್ನು ರಸ್ತೆಯಿಂದ ನೇರ ಹಳ್ಳಕ್ಕೆ ಇಳಿಸುತ್ತಿದ್ದವನು ತಾನೇ. ಅಚ್ಚು ಮುಳುಗುವಷ್ಟು ನೀರಲ್ಲಿ ನಿಲ್ಲಿಸಿ, ಧೋತರ ಮೇಲೆ ಕಟ್ಟಿ, ಕೊಡದಲ್ಲಿ ಮೊಗೆಮೊಗೆದು ಹಾಕುತ್ತಿದ್ದವನೂ ತಾನೇ. ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆದು ಕೈ ಮುಗಿಯುತ್ತಿದ್ದ. ಒಮ್ಮೆ, ಬಂದ ಹೊಸದರಲ್ಲಿ, ಮೌನೇಶ ಅಂದಿದ್ದ: "ಕಾಕಾ, ಒಂದ ತಾಸ ಆರ್ಲಿ ತಡೀರಿ." ತಾನು ಏನಂದಿದ್ದೆ? "ಅಮಾಸಿ ನಿನಗ ಕಾಯಂಗಿಲ್ಲಲೇ." ಆಮೇಲೆ ಅವನು ಆ ಮಾತು ಎತ್ತಲಿಲ್ಲ.

ಅಪ್ಪ ಬೆವರಿದ ಎತ್ತುಗಳನ್ನು ಎಂದೂ ನೀರಿಗೆ ಬಿಡುತ್ತಿರಲಿಲ್ಲ. ಎದೆ ಹಿಡಿಯುತ್ತದೆ ಎಂದು, ಬೇವಿನ ನೆರಳಿಗೆ ಕಟ್ಟಿ, ಬೆನ್ನು ಆರಿದ್ದನ್ನು ಕೈಯಿಂದ ಮುಟ್ಟಿ ನೋಡಿ ಆಮೇಲೆ ಕೆರೆಗೆ ಹೊಡೆಯುತ್ತಿದ್ದ. ಇದು ಕಳಕಪ್ಪನಿಗೆ ಏಳು ವರ್ಷದವನಿದ್ದಾಗಲೇ ಗೊತ್ತಿತ್ತು.

ಹೇಳಬೇಕೆಂದು ಬಾಯಿ ತೆರೆದ. ಉಸ್ಮಾನಸಾಬ ಕೈ ಒರೆಸಿಕೊಳ್ಳುತ್ತ ಕಾಯುತ್ತಿದ್ದ.

"ಹಳ್ಳ ದಾಟಸೂ ಮುಂದ ನಾನ ನೀರಾಗ ನಿಂದ್ರಸಿರಬೇಕ್ರಿ ಸಾಬರ" ಎಂದ ಮೌನೇಶ. ಹೇಳಿ ಕಳಕಪ್ಪನ ಮುಖ ನೋಡಿದ. ಬಹಳ ಹೊತ್ತೇ ನೋಡಿದ.

ಕಳಕಪ್ಪ ನೆಲದ ಮೇಲಿನ ಬಿಳಿ ಗ್ರೀಸನ್ನು ನೋಡುತ್ತ ನಿಂತ.

"ಹಂಗಾರ ಡ್ರೈವರನ ತಪ್ಪ ಆತು" ಎಂದು ಉಸ್ಮಾನಸಾಬ ಫೋನು ಹಿಡಿದ. ಲಕ್ಷ್ಮೇಶ್ವರಕ್ಕೆ ಕೇಳಿದ, ಮುಂಡರಗಿಗೆ ಕೇಳಿದ. ಈ ಗಾಡಿಯ ಬೇರಿಂಗ್ ಎಲ್ಲಿಯೂ ಇರಲಿಲ್ಲ. ಮುಂಡರಗಿಯಲ್ಲಿದ್ದ ಇಂಥದೇ ಒಂದು ಗಾಡಿ ಹೋದ ವರ್ಷವೇ ಗುಜರಿಗೆ ಹೋಗಿತ್ತಂತೆ.

"ಸಾಬರ, ಅದು ಹಂಗಲ್ಲ. ಇಳಸಾಂವ ನಾನ" ಎಂದು ಕಳಕಪ್ಪ ಕಡೆಗೂ ಅಂದಾಗ ಮೌನೇಶ ಆಗಲೇ ಹೋಗಿದ್ದ; ಕೇಳಲಿಕ್ಕೆ ಉಸ್ಮಾನಸಾಬ ಒಬ್ಬನೇ ಇದ್ದ.

"ನನಗ್ಯಾಕ ಹೇಳ್ತಿ? ಈಗರ ಓಡು."

ಓಡುವ ಕಾಲು ಅವಲ್ಲ. ರಸ್ತೆಗೆ ಬರುವಷ್ಟರಲ್ಲಿ ಶಿರಹಟ್ಟಿ ಕಡೆಯ ಬಸ್ಸು ಹೊರಳಿ ಹೋಗಿತ್ತು. ತಿರುಗಿ ಬಂದು ನೋಡಿದರೆ ಸೀಟಿನ ಮೇಲೆ ಕೀಲಿ ಇತ್ತು. ಮೌನೇಶನ ಫೋನು ಬಂದ್ ಇತ್ತು.

ಮರುದಿನ ಕಳಕಪ್ಪ ಅದೇ ಬದುವಿಗೆ ನಡೆದುಕೊಂಡು ಹೋಗಿ, ಅದೇ ಹತ್ತು ಜನರ ಮುಂದೆ, ತಪ್ಪು ತನ್ನದು ಎಂದ. ಕೆಸರಿನಲ್ಲಿ ಉಳ್ಳಾಗಡ್ಡಿ ನೆನೆಯುತ್ತ ಬಿದ್ದಿತ್ತು. ತಿಪ್ಪವ್ವ, "ಅವಗ ಗೊತ್ತೈತೇನ ಯಪ್ಪಾ?" ಎಂದು ಕೇಳಿದಳು. ಕಳಕಪ್ಪ ತಲೆ ಅಲ್ಲಾಡಿಸಿದ. ಗೊತ್ತಿತ್ತು ಎಂದೋ ಇಲ್ಲ ಎಂದೋ ಅವಳಿಗೆ ತಿಳಿಯಲಿಲ್ಲ.

ಮೌನೇಶ ಹೋದದ್ದು ಗುರುವಾರ. ಅಮವಾಸ್ಯೆ ರವಿವಾರ ಇತ್ತು. ಹಳ್ಳಕ್ಕೆ ಇಳಿಸಲಿಕ್ಕೆ ಈ ಸಲ ಗಾಡಿಯೂ ಇರಲಿಲ್ಲ, ತಡೀರಿ ಎನ್ನುವವನೂ ಇರಲಿಲ್ಲ.