ಹೇನು ಇಳಿದು ಹೋದ ಹೊತ್ತು

ಬೈಬಲ್ ಅನುವಾದಕನಿಗೆ ತಲೆ ಕೆಟ್ಟುಹೋಗಿತ್ತು. ದೇವರು ಈಜಿಪ್ಟಿನ ಧೂಳನ್ನೆಲ್ಲ ಹುಳ ಮಾಡಿ ಜನರ ಮೈಗೆ ಹತ್ತಿಸಿದನಲ್ಲ, ಅದು ಹೇನೋ, ಸೊಳ್ಳೆಯೋ? ಪಕ್ಕದ ಮಂಚದಲ್ಲಿ ಅಕ್ಕ, ಹಾಸಿಗೆ ಹಿಡಿದ ಅಮ್ಮನ ತಲೆಯ ಹೇನು ಬಾಚುತ್ತಿದ್ದಳು.

“ಸೊಳ್ಳೆ ಅಂತಲೇ ಬರೀತೀನಿ ಅಕ್ಕ. ದೇವರ ಶಿಕ್ಷೆ ಅಂದ್ಮೇಲೆ ಹೇನು ತೀರಾ ಚಿಲ್ಲರೆ ಆಯ್ತು.”

“ಒಂದು ದಿನ ನೀನು ಬಾಚು, ಚಿಲ್ಲರೆಯೋ ಅಲ್ವೋ ಗೊತ್ತಾಗುತ್ತೆ.”

ಅಷ್ಟರಲ್ಲಿ ಹೇನುಗಳು ಕೂದಲು ಬಿಟ್ಟು ಬಿಳಿ ದಿಂಬಿನ ಮೇಲೆ ಇಳಿಯತೊಡಗಿದವು.

“ಅಬ್ಬ, ಕೊನೆಗೂ ತೊಲಗಿದ್ವು!” ಅಂದ ಅವನು.

ಅಕ್ಕ ಅಮ್ಮನ ಹಣೆ ಮುಟ್ಟಿದಳು. ತಣ್ಣಗಿತ್ತು.

“ಹೇನು ಅಂತಲೇ ಬರಿಯೋ,” ಅಂದಳು. “ಮೈಯಲ್ಲಿ ಬಿಸಿ ಇರೋ ತನಕ ಅಮ್ಮನ್ನ ಬಿಡದೆ ಇದ್ದಿದ್ದು ಅವೇ. ನೀನಲ್ಲ.”