ನೀರು ಮುಟ್ಟದ ದಿನ

ಹೋಟೆಲಿನ ಹಾಸಿಗೆಯನ್ನು ತಾವೇ ಮಡಚಬೇಕಾಗಿಲ್ಲ ಎಂದು ಗೈಡು ಎರಡು ಸಲ ಹೇಳಿದ್ದ. ವಾಣಿಶ್ರೀಯ ಕೈ ಕೇಳಬೇಕಲ್ಲ. ಅತ್ತೆ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಆ ದಪ್ಪ ಬಿಳಿ ರಜಾಯಿಯನ್ನು ಕೊಡವಿದಳು. ಒಳಗಿನಿಂದ ಬೆಳ್ಳಿಯ ಕರಡಿಗೆ ಜಾರಿ ಅವಳ ಕಾಲ ಬಳಿ ಬಿತ್ತು. ಅತ್ತೆ ಹಗಲೂ ರಾತ್ರಿ ಕೊರಳಿನಿಂದ ತೆಗೆಯದ ಲಿಂಗ. ಶಿವದಾರ ಸವೆದು ತುಂಡಾಗಿತ್ತು. ಎತ್ತಿ ಕಣ್ಣಿಗೊತ್ತಿಕೊಂಡು ಅತ್ತೆಯನ್ನು ಕೂಗಬೇಕೆನ್ನುವಷ್ಟರಲ್ಲಿ ಬಾತ್‌ರೂಮಿನ ಬಾಗಿಲು ತೆರೆಯಿತು.

"ಏ ವಾಣಿ, ಕೊಳ್ಳಾಗ ಲಿಂಗ ಇಲ್ಲಲ್ಲೇ! ನೀನೇ ಎಲ್ಲರ ಜಾಡಿಸಿ ಒಗದಿರ್ತಿ. ನಿಮ್ಮ ಸೊರಬದ ಕಡಿಯೋರಿಗೆ ಲಿಂಗಾನೂ ಅಷ್ಟೇ, ಬಟಾಣಿ ಕಾಳೂ ಅಷ್ಟೇ."

ವಾಣಿಶ್ರೀಯ ಕೈ ತಾನಾಗಿ ಬೆನ್ನ ಹಿಂದೆ ಹೋಯಿತು.

"ನಾ ನೋಡ್ಲಿಲ್ಲ ಅತ್ತೆ" ಎಂದಳು. ಸ್ವಲ್ಪ ಹುಡುಕಲಿ, ಆಮೇಲೆ ಕೊಟ್ಟರಾಯಿತು ಎಂದುಕೊಂಡು ವ್ಯಾನಿಟಿ ಬ್ಯಾಗಿನ ಒಳಜೇಬಿಗೆ ಸೇರಿಸಿ ಜಿಪ್ಪು ಎಳೆದಳು.

ಶಿಕಾರಿಪುರದ ಅವರ ಬೀಜ-ಗೊಬ್ಬರದ ಅಂಗಡಿಯ ಲೈಸೆನ್ಸು ಅತ್ತೆಯ ಹೆಸರಿನಲ್ಲಿತ್ತು. ಮೆಕ್ಕೆಜೋಳದ ಬೀಜ ಹೆಚ್ಚು ಮಾರಿದ ಡೀಲರುಗಳನ್ನು ಕಂಪನಿಯವರು ಬ್ಯಾಂಕಾಕಿಗೆ ಕರೆದುಕೊಂಡು ಹೊರಟಾಗ, ಟಿಕೆಟು ಬಂದದ್ದು ಪ್ರೊಪ್ರೈಟರ್ ಶಕುಂತಲಮ್ಮನಿಗೆ. ಓದು ಬಾರದ ಅವ್ವನ ಜೊತೆಗೆಂದು ಮಗ ಮಲ್ಲಿಕಾರ್ಜುನ್ ಹೆಂಡತಿ ವಾಣಿಶ್ರೀಯನ್ನು ಕಳಿಸಿದ್ದ. ಮೂರನೆಯ ದಿನ ಎಲ್ಲರಿಗೂ ಬಿಡುವು. ಅವರವರ ಖರೀದಿ ಅವರವರದು.

ಕೋಣೆ ಗುಡಿಸಲು ಬಂದ ಹುಡುಗಿಯ ಮುಂದೆ ಶಕುಂತಲಮ್ಮ ಬೆರಳಿನಿಂದ ಗಾಳಿಯಲ್ಲಿ ಕರಡಿಗೆ ಬರೆದು ತೋರಿಸಿದಳು. "ಕೇಳೇ ಇಕಿನ್ನ, ಕಂಡೈತೇನು ಅಂತ." ವಾಣಿಶ್ರೀ ಮೊಬೈಲಿನಲ್ಲಿ ಏನೋ ಒತ್ತಿ ಹುಡುಗಿಗೆ ತೋರಿಸಿದಳು. ಮಾರ್ಕೆಟ್ಟಿಗೆ ದಾರಿ ಯಾವುದು ಎಂದು ಅದರಲ್ಲಿ ಥಾಯ್ ಭಾಷೆಯಲ್ಲಿತ್ತು. ಹುಡುಗಿ ನಗುತ್ತ ಕಿಟಕಿಯಾಚೆ ಕೈ ಮಾಡಿದಳು.

"ಕಂಡಿಲ್ಲಂತೆ. ಸಂಜೆ ಹುಡುಕ್ತಾರಂತೆ."

ಲಿಂಗಪೂಜೆಯಾಗದೆ ಶಕುಂತಲಮ್ಮ ಒಂದು ಗುಟುಕು ನೀರನ್ನೂ ಮುಟ್ಟುವವಳಲ್ಲ. ಕೋಣೆಯಲ್ಲಿ ಒಬ್ಬಳೇ ಕೂರುವ ಧೈರ್ಯವೂ ಇಲ್ಲ. ಸೊಸೆಯ ಹಿಂದೆಯೇ ಬಿಸಿಲಿಗಿಳಿದಳು.

ಕನ್ನಡಕದ ಕಾಲಿಗೆ ತಿರುಪು ಹಾಕಿಸುವುದಿತ್ತು. ಬೀದಿಯ ಹೆಂಗಸರು ಹೇಳಿ ಕಳಿಸಿದ್ದ ಮಂಡಿನೋವಿನ ಮುಲಾಮು, ಉಗುರುಕಟರು, ಮಗಳು ಧನ್ಯಾಳಿಗೆ ಫ್ರಾಕು, ಎಲ್ಲ ತೆಗೆದುಕೊಳ್ಳುವುದಿತ್ತು. ವಾಣಿಶ್ರೀ ಯಾವ ಅಂಗಡಿಯಲ್ಲೂ ಅವಸರ ಮಾಡಲಿಲ್ಲ. ಊರಿನಲ್ಲಿ ಎರಡು ನಿಂಬೆಹಣ್ಣು ಕೊಳ್ಳುವುದಕ್ಕೂ ಅತ್ತೆಯ ಒಪ್ಪಿಗೆ ಬೇಕಿತ್ತು. ಇಲ್ಲಿ ಒಂದೊಂದು ಫ್ರಾಕನ್ನೂ ಬೆಳಕಿಗೆ ಹಿಡಿದು, ಹೊಲಿಗೆ ಜಗ್ಗಿ ನೋಡಿದಳು. ಚೀಲಗಳು ಒಂದೊಂದಾಗಿ ಅತ್ತೆಯ ಕೈ ಸೇರಿದವು. ಹೆಜ್ಜೆಗೊಬ್ಬರು ಎಳನೀರು, ಐಸಿನ ಮೇಲೆ ಹೆಚ್ಚಿಟ್ಟ ಕಲ್ಲಂಗಡಿ ಮಾರುತ್ತಿದ್ದರು. ಅವುಗಳ ಮುಂದೆ ಹಾಯುವಾಗ ಮುದುಕಿ ಮುಖ ಬೇರೆ ಕಡೆ ತಿರುಗಿಸುತ್ತಿದ್ದಳು. ವಾಣಿಶ್ರೀ ಒಂದು ಎಳನೀರು ಕೊಂಡು ಅಲ್ಲೇ ನಿಂತು ಕುಡಿದಳು.

ಮುಲಾಮಿನ ಅಂಗಡಿಯ ಹೆಂಗಸು ಶಕುಂತಲಮ್ಮನ ತುಟಿ ನೋಡಿ, ಸ್ಟೂಲು ಎಳೆದು ಕೂರಿಸಿ ತಣ್ಣನೆ ನೀರಿನ ಲೋಟ ಹಿಡಿದಳು. ಮುದುಕಿ ಬೇಡವೆಂದು ಕೈಮುಗಿದಳು. ಹೆಂಗಸು ವಾಣಿಶ್ರೀಯ ಮೊಬೈಲು ಕಸಿದುಕೊಂಡು ಅದರೊಳಗೆ ಮಾತಾಡಿದಳು. ಮೊಬೈಲು ಗಟ್ಟಿಯಾಗಿ ಹೇಳಿತು: "ನಿಮ್ಮ ತಾಯಿ ನೀರು ಕುಡಿಯಬೇಕು."

"ಅಯ್ಯ, ಇದು ಕನ್ನಡ ಮಾತಾಡ್ತೈತಲ್ಲೇ! ಮತ್ತೆ ಬೆಳಿಗ್ಗೆ ಆ ಹುಡುಗಿ ತಾವ ಯಾಕ ಮಾತಾಡಲಿಲ್ಲ?"

"ಬೆಳಿಗ್ಗೆ ನೆಟ್ ಇರ್ಲಿಲ್ಲ ಅತ್ತೆ."

ಶಕುಂತಲಮ್ಮ ನಂಬಿದಳು. ನಂಬದೆ ಬೇರೆ ದಾರಿ ಇರಲಿಲ್ಲ. ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಕತ್ತಿನಲ್ಲಿ ದಾರ ಒತ್ತಿ ಒತ್ತಿ ಕಪ್ಪಾದ ಗೆರೆಯೊಂದೇ ಉಳಿದಿತ್ತು. ವಾಣಿಶ್ರೀಗೆ ಸಾಕೆನಿಸಿತು. ಬ್ಯಾಗಿಗೆ ಕೈ ಹಾಕಿ ಜಿಪ್ಪು ಅರ್ಧ ತೆಗೆದಳು. ಬೆಳ್ಳಿ ಬೆರಳಿಗೆ ತಾಗಿತು.

"ವಾಣಿ, ಇದು ಸುಮ್ಮನ ಹೋಗಿಲ್ಲ" ಎಂದಳು ಶಕುಂತಲಮ್ಮ, ಕಣ್ಣು ತೆರೆಯದೆ. "ನಿಮ್ಮಪ್ಪನ ವಿಚಾರದಾಗ ಇದನ್ನ ಹಿಡಕಂಡು ಆಣಿ ಮಾಡಿದ್ದೆ ನೋಡು."

ನಾಲ್ಕು ವರ್ಷದ ಹಿಂದೆ ತವರೂರು ಕುಪ್ಪಗಡ್ಡೆಯಲ್ಲಿ ಅಪ್ಪ ತೀರಿಕೊಂಡ ದಿನ ಶಿಕಾರಿಪುರದ ಮನೆಯಲ್ಲಿ ಸ್ವಾಮಿಗಳ ಪಾದಪೂಜೆ. ಐವತ್ತು ಜನರಿಗೆ ಹೋಳಿಗೆ ಬೇಯಿಸಿ ಮುಗಿಸಿದ ಮೇಲೆ ವಾಣಿಶ್ರೀಗೆ ಸುದ್ದಿ ಗೊತ್ತಾಗಿತ್ತು. ಹೋಗುವಷ್ಟರಲ್ಲಿ ಅಪ್ಪನಿಗೆ ಮಣ್ಣು ಹಾಕಿಯಾಗಿತ್ತು. "ನಿಮ್ಮತ್ತೇನೇ ಫೋನಲ್ಲಿ ಕಾಯಬೇಡಿ ಅಂದ್ರು ಕಣೆ" ಎಂದಿದ್ದ ಅಣ್ಣ ಸಿದ್ಧಲಿಂಗೇಶ್. ಅತ್ತೆ ಲಿಂಗ ಅಂಗೈಯಲ್ಲಿಟ್ಟುಕೊಂಡು ಹಾಗೆ ಅಂದಿಲ್ಲವೆಂದು ಆಣೆ ಮಾಡಿದ್ದಳು. ಲಿಂಗದ ಮೇಲೆ ಯಾರಾದರೂ ಸುಳ್ಳು ಹೇಳುತ್ತಾರೆಯೇ? ಅಂದಿನಿಂದ ವಾಣಿಶ್ರೀ ಅಣ್ಣನ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಅವನ ಮಗಳ ಮದುವೆಗೂ ಹೋಗಿರಲಿಲ್ಲ.

"ಫೋನು ಬೆಳಿಗ್ಗೇನೇ ಬಂದಿತ್ತು. ಆಕಿ ಬರಾದು ತಡ ಆಕ್ಕತಿ, ನೀವು ಮುಗಿಸ್ರಿ ಅಂದೋಳು ನಾನೇ. ನೀ ಎದ್ದು ಹೋಗಿದ್ರ ಹೋಳಿಗಿ ಯಾರು ಬೇಯಿಸ್ತಿದ್ರು?" ಶಕುಂತಲಮ್ಮ ಒಣ ನಾಲಿಗೆಯಿಂದ ತುಟಿ ಸವರಿಕೊಂಡಳು. ಕಣ್ಣು ತೆರೆದು ಸೊಸೆಯ ಮುಖ ನೋಡಿದಳು. ಆ ನೋಟದಲ್ಲಿ ವ್ಯಾಪಾರ ಕುದುರಿದವರ ಸಮಾಧಾನವಿತ್ತು. "ಈಗ ಹೇಳೀನಲ್ಲ, ಇನ್ನ ಸಿಗತೈತಿ ಬಿಡು. ನಡಿ, ರೂಮಿಗೆ ಹೋಗಿ ಇನ್ನೊಮ್ಮೆ ನೋಡಾಣ."

ಅಂಗಡಿಯ ಹೆಂಗಸು ಇನ್ನೂ ಲೋಟ ಹಿಡಿದುಕೊಂಡೇ ನಿಂತಿದ್ದಳು. ವಾಣಿಶ್ರೀ ಬ್ಯಾಗಿನಿಂದ ಬರಿಗೈ ಹೊರತೆಗೆದು ಜಿಪ್ಪನ್ನು ಕೊನೆಯವರೆಗೂ ಎಳೆದು ಮುಚ್ಚಿದಳು.

"ರೂಮಿಗೆ ಆಮೇಲೆ ಹೋಗಣ ಅತ್ತೆ. ಧನ್ಯಾಗೆ ಶೂ ತಗಳದು ಉಳಿದದೆ. ಏಳ್ರಿ."

ಶೂಗಳ ಅಂಗಡಿ ಎದುರಿನ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ಮೇಲಕ್ಕೆ ಹೋಗಲು ತಾನೇ ಉರುಳುವ ಮೆಟ್ಟಿಲು. ವಾಣಿಶ್ರೀ ಹತ್ತಿ ನಿಂತಳು, ಹಿಂದೆ ಕೈ ಚಾಚಲಿಲ್ಲ. ಅರ್ಧ ದಾರಿಯಲ್ಲಿ ಒಮ್ಮೆ ತಿರುಗಿ ನೋಡಿದಳು. ಕೆಳಗೆ ಶಕುಂತಲಮ್ಮ ಎರಡೂ ಕೈಯಲ್ಲಿ ಚೀಲ ಹಿಡಿದು ನಿಂತಿದ್ದಳು. ನೆಲದಿಂದ ಹೊಸ ಮೆಟ್ಟಿಲೊಂದು ಹೊರಬಂದಾಗಲೆಲ್ಲ ಬಲಗಾಲು ಎತ್ತುತ್ತಿದ್ದಳು. ಮೆಟ್ಟಿಲು ಮುಂದಕ್ಕೆ ಹೋದ ಮೇಲೆ ಕಾಲನ್ನು ಮತ್ತೆ ಅದೇ ಜಾಗಕ್ಕೆ ಇಳಿಸುತ್ತಿದ್ದಳು.