ಬೆರಳು ಏಳುವಷ್ಟು ಹೊತ್ತು

ದಪ್ಪ ಬಟ್ಟೆಯ ಹಾಸಿನ ನಾಲ್ಕನೆಯ ಹಿಡಿಕೆಗೆ ಅವನು ಸೂಜಿ ಚುಚ್ಚುತ್ತಿದ್ದಾಗ ನಾದಿನಿ ಬಂದು ಬಾಗಿಲಲ್ಲಿ ನಿಂತಳು.

“ಭಾವ, ಹನ್ನೊಂದಕ್ಕೆ ಗಾಡಿ ಬರುತ್ತಂತೆ. ಇದನ್ನ ಈಗ ಹೊಲೀಲೇಬೇಕಾ?”

“ಒಂದು ಹಿಡಿಕೆ ಸಡಿಲ ಆಗಿದೆ ಕಣಮ್ಮ. ಎತ್ತೋವಾಗ ಕಿತ್ತು ಬಂದ್ರೆ?”

ಮೂವತ್ತು ವರ್ಷ ಸೋಫಾ ರಿಪೇರಿ ಮಾಡಿದ ಕೈ. ಬಾಗಿದ ಸೂಜಿ ತಾನಾಗಿಯೇ ಹೋಗಿ ಬರುತ್ತಿತ್ತು, ಅವನು ಮಾತ್ರ ಅಲ್ಲಿರಲಿಲ್ಲ. ನಿನ್ನೆ ಮಧ್ಯಾಹ್ನದಿಂದ ಅವನಿಗೆ ಎಲ್ಲವೂ ನೀರಿನಡಿಯಿಂದ ಕಂಡಂತೆ ಕಾಣುತ್ತಿತ್ತು. ಬಂದವರ ತುಟಿ ಅಲ್ಲಾಡುವುದು ಮೊದಲು ಕಾಣುತ್ತಿತ್ತು, ಮಾತು ಒಂದಷ್ಟು ಹೊತ್ತಿನ ಮೇಲೆ ತೇಲಿಕೊಂಡು ಬರುತ್ತಿತ್ತು. ಒಳಕೋಣೆಯ ಮಂಚದ ಮೇಲೆ ಹೆಂಡತಿ ಮಲಗಿದ್ದಳು. ಅವಳ ತಲೆಯ ಬಳಿಯ ಕರೆಂಟ್ ದೀಪ ಬೆಳಕು ಹರಿದ ಮೇಲೂ ಉರಿಯುತ್ತಿತ್ತು. ಆರಿಸಲು ಹೋದವರನ್ನೆಲ್ಲ ಅವನೇ ತಡೆದಿದ್ದ.

“ನಿನ್ನೆ ಬೆಳಿಗ್ಗೆ ಗೇಟಿನ ಹತ್ತಿರ ನಗ್ತಾ ಮಾತಾಡಿಸಿದ್ರು,” ಎಂದು ಪಕ್ಕದ ಮನೆಯ ಅಂಚೆಯವರು ಯಾರಿಗೋ ಹೇಳುತ್ತಿದ್ದರು. “ಊಟ ಮಾಡಿ ಸೋಫಾ ಮೇಲೆ ಕಣ್ಣು ಮುಚ್ಚಿದ್ರಂತೆ, ಅಷ್ಟೇ. ಯಜಮಾನ್ರು ಪಕ್ಕದ ಕೋಣೇಲೇ ಮೊಳೆ ಹೊಡೀತಿದ್ರು. ಒಂದು ಮಾತೂ ಹೇಳದೆ ಹೊರಟುಬಿಟ್ರಲ್ಲ!”

ಬೆಳಗಿನಿಂದ ಬಂದವರೆಲ್ಲ ಈ ಮಾತನ್ನೇ ಆಡಿದ್ದರು. ಹೇಳದೆ ಹೋದದ್ದು ಅವಳ ತಪ್ಪಲ್ಲ, ಹೇಳಬೇಡ ಎಂದವನು ನಾನೇ ಎಂದು ಯಾರ ಮುಂದೆ ಹೇಳಿಕೊಳ್ಳುವುದು?

*

ಆರು ವರ್ಷದ ಹಿಂದೆ, ಮನೆಯಲ್ಲಿ ಕೂತು ಕೂತು ಗೋಡೆಗಳ ಜೊತೆ ಮಾತಾಡುವ ಹಾಗಾಗಿದೆ ಎಂದು ಅವಳು ಕೆಲಸಕ್ಕೆ ಹೊರಟಿದ್ದಳು. ಹಾಸಿಗೆ ಹಿಡಿದಿದ್ದ ಲೆಕ್ಕದ ಮೇಷ್ಟ್ರನ್ನು ನೋಡಿಕೊಳ್ಳುವ ಕೆಲಸ. ಮೇಷ್ಟ್ರಿಗೆ ಮಾತು ನಿಂತಿತ್ತು. ಇಡೀ ದೇಹದಲ್ಲಿ ಅವರು ಹೇಳಿದಂತೆ ಕೇಳುತ್ತಿದ್ದದ್ದು ಎರಡೇ, ಬಲಗೈಯ ತೋರುಬೆರಳು ಮತ್ತು ಹಲ್ಲು.

ಹಲ್ಲಿನ ವಿಷಯ ನಾಲ್ಕನೆಯ ದಿನ ಗೊತ್ತಾಯಿತು. ಸಂಜೆ ಮನೆಗೆ ಬಂದವಳ ಮಣಿಕಟ್ಟಿನಲ್ಲಿ ಕೆಂಪಗೆ ಗುರುತು ಮೂಡಿತ್ತು.

“ಕಚ್ಚಿದನಾ? ನಾಳೆಯಿಂದ ಆ ಕೆಲಸ ಬೇಡ!” ಎಂದು ಅವನು ಎಗರಾಡಿದ.

“ತಪ್ಪು ನನ್ನದೇ ರೀ. ಹಿಂದಿನಿಂದ ಹೋಗಿ ಹೇಳದೆ ಕತ್ತಿನ ಕೆಳಗೆ ಕೈ ಹಾಕಿಬಿಟ್ಟೆ. ಏಳೋಕಾಗದವರಿಗೆ ಎಷ್ಟು ಹೆದರಿಕೆ ಆಗುತ್ತೆ ಗೊತ್ತಾ? ಮೊದಲು ಹೇಳ್ಬೇಕು, ಅವರು ಬೆರಳೆತ್ತೋವರೆಗೂ ಕಾಯ್ಬೇಕು, ಆಮೇಲೆ ಮುಟ್ಬೇಕು. ಅಲ್ಲಿಗೆ ಬರೋ ನರ್ಸಮ್ಮ ಹೇಳಿಕೊಟ್ರು. ಬನ್ನಿ, ಮಲ್ಕೊಳ್ಳಿ.”

“ನಾನ್ಯಾಕೆ?”

“ನನಗೆ ಅಭ್ಯಾಸ ಆಗ್ಬೇಡ್ವಾ?”

ಹೀಗೆ ಸೋಫಾದವನು ದಿನಾ ಸಂಜೆ ಅರ್ಧ ಗಂಟೆ ರೋಗಿಯಾದ. “ಈಗ ನಿಮ್ಮನ್ನ ಎಡಕ್ಕೆ ಹೊರಳಿಸ್ತೀನಿ,” ಎಂದು ಹೇಳಿ ಅವಳು ಕಾಯುವಳು. ದುಡಿದು ಬಂದ ಮೈ, ಅವನಿಗೆ ಜೋಂಪು ಹತ್ತುತ್ತಿತ್ತು. “ಬೆರಳು ಎತ್ರೀ, ಸೋಮಾರಿ!” ಎಂದರೂ ಎಚ್ಚರವಿಲ್ಲ. ಕಣ್ಣು ಬಿಟ್ಟಾಗ ಅವಳು ಇನ್ನೂ ಅಲ್ಲೇ, ಸೊಂಟದ ಮೇಲೆ ಕೈಯಿಟ್ಟುಕೊಂಡು, ಮುಟ್ಟದೆ ನಿಂತಿರುವಳು. ಆ ಸೊಂಟ ನೋಯುತ್ತದೆಂದು ಗೊತ್ತಾದಾಗ ಅವನು ದಪ್ಪ ಬಟ್ಟೆಯ ಹಾಸೊಂದಕ್ಕೆ ಸೋಫಾದ ಪಟ್ಟಿಯಿಂದ ಆರು ಹಿಡಿಕೆ ಹೊಲಿದುಕೊಟ್ಟ. ಇದನ್ನು ಹಿಡಿದು ಎಳೆದರೆ ಎಂಥ ಭಾರದ ಆಳೂ ಹೊರಳುತ್ತಾನೆ ಎಂದು ಅವಳು ಬೀದಿಗೆಲ್ಲ ಸಾರಿದಳು.

ಆದರೆ ಕೆಲಸದ ರೂಢಿ ಮನೆಗೂ ನುಗ್ಗಿತು. “ರೀ, ಕಿಟಕಿ ತೆಗೀತೀನಿ.” “ರೀ, ದೀಪ ಆರಿಸ್ತೀನಿ.” ಹೇಳಿ, ಒಂದು ಬೆರಳು ಏಳುವಷ್ಟು ಹೊತ್ತು ನಿಲ್ಲುವಳು. ಒಂದು ದಿನ ಅಂಗಡಿಯಲ್ಲಿ ನಾಲ್ಕು ಜನರ ಎದುರು, “ರೀ, ನಿಮ್ಮ ಕಾಲರ್ ಸರಿ ಮಾಡ್ತೀನಿ,” ಎಂದು ಕಾದು ನಿಂತಳು. ಜನ ನಕ್ಕರು.

“ನಾನೇನು ಹಾಸಿಗೆ ಹಿಡಿದವನಾ?” ಎಂದು ಅವನು ಸಿಡಿದ. “ನನಗೇನೂ ಹೇಳಿ ಮಾಡ್ಬೇಕಾಗಿಲ್ಲ. ಏನು ಮಾಡೋದಿದ್ರೂ ಸುಮ್ಮನೆ ಮಾಡು!”

“ಆಯ್ತು,” ಎಂದಳು. ಅಷ್ಟೇ.

ಆವತ್ತಿನಿಂದ ದೀಪ ಹೇಳದೆಯೇ ಆರತೊಡಗಿತು. ಮೇಷ್ಟ್ರ ಮನೆಯಲ್ಲಿ ಆಡುವ ಮಾತನ್ನು ಅವಳು ಈ ಮನೆಯ ಹೊಸಿಲಾಚೆಯೇ ಬಿಟ್ಟು ಬರುತ್ತಿದ್ದಳು. ತಟ್ಟನೆ ಕವಿದ ಕತ್ತಲಲ್ಲಿ ಮಲಗಿ, ‘ದೀಪ ಆರಿಸ್ತೀನಿ’ ಅಂತ ಒಮ್ಮೆ ಹೇಳೇ ಎಂದು ಅವನಿಗೆ ಕೇಳಬೇಕೆನಿಸುತ್ತಿತ್ತು. ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಉಳಿಯುತ್ತಿತ್ತು. ನಾಳೆ ಕೇಳಿದರಾಯಿತು ಅಂದುಕೊಂಡೇ ಆರು ವರ್ಷ ಕಳೆದವು.

*

ಗಾಡಿಗಿಂತ ಮೊದಲು ಮೇಷ್ಟ್ರು ಬಂದರು, ಗಾಲಿಕುರ್ಚಿಯಲ್ಲಿ. ಅವರ ಮಗಳು ತಳ್ಳಿಕೊಂಡು ಬಂದಿದ್ದಳು. ಆರು ವರ್ಷದಲ್ಲಿ ಅವನು ಒಮ್ಮೆಯೂ ಅವರ ಮನೆಗೆ ಹೋದವನಲ್ಲ. ಅವಳ ಮಾತೆಲ್ಲ ಇವರಿಗೇ ಸಿಕ್ಕಿತೆಂದು ಇಷ್ಟು ಚಿಕ್ಕ ಮನುಷ್ಯನ ಮೇಲೆ ಇಷ್ಟು ದಿನ ಹೊಟ್ಟೆ ಉರಿದುಕೊಂಡೆನೇ ಎಂದು ಅವನಿಗೆ ನಾಚಿಕೆಯಾಯಿತು.

“ಅಪ್ಪಂಗೆ ಹೇಗೆ ತಿಳಿಸೋದು ಅಂತ ಗೊತ್ತಾಗಲಿಲ್ಲ,” ಎಂದಳು ಮಗಳು. “ಕೊನೆಗೆ, ‘ಅಪ್ಪ, ಈಗ ಒಂದು ಕೆಟ್ಟ ಸುದ್ದಿ ಹೇಳ್ತೀನಿ’ ಅಂದೆ. ಬೆರಳೆತ್ತೋವರೆಗೂ ಕಾದೆ. ಆಮೇಲೆ ಹೇಳ್ದೆ. ಈ ಅಮ್ಮ ಕಲಿಸಿಕೊಟ್ಟಿದ್ದೇ ಅದು.” ಕಣ್ಣೊರೆಸಿಕೊಂಡು, ಅಳುವಿನ ನಡುವೆಯೇ ನಕ್ಕಳು. “ನಿಮ್ಮ ಮಾತು ಬಂದಾಗಲೆಲ್ಲ, ನಮ್ಮ ಮನೆಯವ್ರು ಬೆರಳೆತ್ತೋದ್ರಲ್ಲಿ ಬಲು ಸೋಮಾರಿ ಅಂತಿದ್ರು.”

ಈ ಮಾತು ಮಾತ್ರ ತಡವಿಲ್ಲದೆ ಅವನನ್ನು ತಲುಪಿತು.

ಗಾಡಿಯವರು ಇಬ್ಬರು, ಕೆಲಸ ಬಲ್ಲವರು. ಅವನು ಕೊಟ್ಟ ಹಾಸನ್ನು ಮಂಚದ ಅಂಚಿಗೆ ಹರಡಿದರು. “ಒಳ್ಳೇ ಹಿಡಿಕೆ ಹಾಕಿದ್ದೀರಿ ಸಾರ್,” ಎನ್ನುತ್ತಲೇ ಒಬ್ಬ ಅವಳ ತಲೆಯ ಹಿಂದೆ ಹೋಗಿ ಕತ್ತಿನ ಕೆಳಗೆ ಕೈ ನೀಡಿದ.

ಗಾಲಿಕುರ್ಚಿಯಿಂದ ಒಂದು ನರಳಾಟ ಎದ್ದಿತು.

“ಅಪ್ಪಂಗೆ ಏನೋ ಬೇಕು,” ಎಂದು ಮಗಳು ಬಾಗಿದಳು. ಏನು ಬೇಕೆಂದು ಅವನಿಗೆ ಗೊತ್ತಿತ್ತು.

“ತಡೀರಿ! ಕೈ ತೆಗೀರಿ. ತಪ್ಪು ನನ್ನದೇ, ನಾನು ಮೊದಲೇ ಹೇಳ್ಬೇಕಿತ್ತು.”

ಅವನು ಮಂಚದ ಪಕ್ಕ ಮಂಡಿಯೂರಿ ಅವಳ ಕಿವಿಯ ಹತ್ತಿರ ಬಾಗಿದ. “ಕೇಳಿಸ್ಕೊಳ್ಳೇ. ಈಗ ನಿನ್ನ ಕತ್ತಿನ ಕೆಳಗೆ ಕೈ ಹಾಕ್ತಾರೆ. ಎಡಕ್ಕೆ ಹೊರಳಿಸಿ, ಹಾಸು ತೂರಿಸಿ, ಎತ್ತುತ್ತಾರೆ. ನಾನಿಲ್ಲೇ ಇದ್ದೀನಿ. ಹೆದರ್ಬೇಡ.”

ಹೇಳಿ, ಅವಳ ಬಲಗೈಯ ಬೆರಳನ್ನೇ ನೋಡುತ್ತ ಕೂತ. ಪರದೆ ಒಮ್ಮೆ ಉಬ್ಬಿ ಇಳಿಯಿತು. ಎಲ್ಲೋ ದೂರದಲ್ಲಿ ಯಾರೋ ಮೊಳೆ ಹೊಡೆಯುತ್ತಿದ್ದಂತೆ ಕೇಳಿಸಿತು.

“ಸಾರ್... ಎತ್ತೋಣ್ವಾ?”

“ಇನ್ನೂ ಬೆರಳು ಎದ್ದಿಲ್ಲ.”

ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕಿದಳು. ಭಾವನಿಗೆ ತಲೆ ಕೆಟ್ಟಿತೆಂದೇ ಅವಳು ಅಂದುಕೊಂಡಳು. ಅವನು ಅಲುಗಲಿಲ್ಲ. ಹೆಂಡತಿ ಅಷ್ಟೊಂದು ಸಂಜೆ ನಿಂತು ಕಾದಿದ್ದಳು, ಒಂದು ಬೆಳಗು ಅವನು ಕಾಯಬಾರದೇ?

ಆಗ ಗಾಲಿಕುರ್ಚಿಯ ತೋಳಿನ ಮೇಲೆ ಮೇಷ್ಟ್ರ ತೋರುಬೆರಳು ನಡುಗುತ್ತ ನಿಧಾನಕ್ಕೆ ಮೇಲೆದ್ದಿತು.

“ಎದ್ದಿತು,” ಎಂದ ಅವನು. “ಈಗ ಎತ್ತಿ.”

ಆರು ಹಿಡಿಕೆಗಳಲ್ಲಿ ಒಂದೂ ಕಿತ್ತು ಬರಲಿಲ್ಲ. ಬಾಗಿಲವರೆಗೂ ಅವನು ಪಕ್ಕದಲ್ಲೇ ಹೇಳುತ್ತ ನಡೆದ: “ಹೊಸಿಲು ಬಂತು... ಇನ್ನು ಮೂರು ಮೆಟ್ಟಿಲು... ಬಿಸಿಲು ಬೀಳುತ್ತೆ ಮುಖಕ್ಕೆ.” ಅವಳನ್ನು ಗಾಡಿಯಲ್ಲಿ ಮಲಗಿಸಿದ ಮೇಲೆ, “ಬಂದೆ, ಒಂದು ನಿಮಿಷ,” ಎಂದು ಅವಳಿಗೇ ಹೇಳಿ ಮನೆಯೊಳಗೆ ಓಡಿದ.

ಕೋಣೆಯಲ್ಲಿ ಯಾರೂ ಇರಲಿಲ್ಲ. ಬರಿಯ ಮಂಚದ ಬಳಿ ದೀಪ ಇನ್ನೂ ಉರಿಯುತ್ತಿತ್ತು. ಅವನು ಸ್ವಿಚ್ಚಿನ ಮೇಲೆ ಕೈಯಿಟ್ಟ.

“ದೀಪ ಆರಿಸ್ತೀನಿ ಕಣೇ,” ಎಂದ.

ಒಂದು ಬೆರಳು ಏಳುವಷ್ಟು ಹೊತ್ತು ಕಾದ. ಆಮೇಲೆ ಆರಿಸಿದ.